ತಂತ್ರಾಂಶ ಪ್ರಶ್ನೋತ್ತರ: ಕ್ಯೂಗೆ ನುಗ್ಗುವ ಮೆಸೇಜುಗಳಿಗೆ ಕಡಿವಾಣ

ಮೆಸೇಜ್ ಕ್ಯೂಗೆ (ಮೆಸೇಜುಗಳು ತಮ್ಮ ಸರದಿಗಾಗಿ ಕಾಯುವ ಸಾಲಿಗೆ) ಡೇಟಾ ಕಳಿಸುವ ಪ್ರೋಗ್ರಾಮುಗಳ, ಅಂದರೆ ಪ್ರೊಡ್ಯೂಸರ್‌ಗಳ, ವೇಗಕ್ಕೆ ಎಲ್ಲಿ ಮಿತಿ ಹಾಕಬೇಕು, ಎಷ್ಟು ಹಾಕಬೇಕು, ಹಾಕಿದ ಮೇಲೆ ಏನೇನು ಕೆಡುತ್ತದೆ ಎಂದು ಕೇಳಿದ ಪತ್ರಗಳಿಗೆ ಈ ಸಂಚಿಕೆಯ ಅಂಕಣ ಮೀಸಲು. ಸೆಟ್ಟಿಂಗ್‌ಗಳ ಹೆಸರನ್ನು ಓದುವ ಹಾಗೆಯೇ ಬರೆದಿದ್ದೇವೆ. ಕಾನ್ಫಿಗ್ ಫೈಲಿನಲ್ಲಿ ಅದೇ ಪದಗಳ ನಡುವೆ ಚುಕ್ಕಿ, ಅಡಿಗೆರೆ ಅಥವಾ ಅಡ್ಡಗೆರೆ ಬರುತ್ತದೆ.

ಪ್ರಶ್ನೆ: ಭಾರ ಹೆಚ್ಚಾದಾಗ ತಡೆದುಕೊಳ್ಳಲಿ ಅಂತಲೇ ಕ್ಯೂ ಇಟ್ಟಿರುವುದಲ್ಲವೇ? ಕಳಿಸುವವರಿಗೆ ಮಿತಿ ಯಾಕೆ? ಡಿಸ್ಕ್ ದೊಡ್ಡದು ಮಾಡಿಕೊಂಡರೆ ಸಾಲದೇ? — ಓದುಗರು, ಮೈಸೂರು

ಕ್ಯೂ ತಡೆದುಕೊಳ್ಳುವುದು ಸ್ವಲ್ಪ ಹೊತ್ತಿನ ನೂಕುನುಗ್ಗಲನ್ನು ಮಾತ್ರ. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 5,000 ಮೆಸೇಜ್ ಬರುತ್ತಿವೆ, ನಿಮ್ಮ ಕನ್ಸ್ಯೂಮರ್‌ಗಳು (ಕ್ಯೂನಿಂದ ಮೆಸೇಜ್ ತೆಗೆದು ಕೆಲಸ ಮುಗಿಸುವ ಪ್ರೋಗ್ರಾಮುಗಳು) 3,000 ಮುಗಿಸುತ್ತಿವೆ. ಹೀಗೆ 20 ನಿಮಿಷ ನಡೆದರೆ 24 ಲಕ್ಷ ಮೆಸೇಜ್ ಬಾಕಿ ಉಳಿಯುತ್ತದೆ. ಒಂದೊಂದು 1 ಕೆಬಿ ಅಂದುಕೊಂಡರೂ 2.4 ಜಿಬಿ ಅಷ್ಟೆ, ಡಿಸ್ಕಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಆ ಹೊತ್ತಿನಲ್ಲಿ ಸಾಲಿನ ಕೊನೆಗೆ ಬಂದು ನಿಂತ ಮೆಸೇಜಿನ ಸರದಿ ಬರುವುದು 800 ಸೆಕೆಂಡ್, ಅಂದರೆ 13 ನಿಮಿಷ ದಾಟಿದ ಮೇಲೆ. ಅದು ಒಟಿಪಿ ಆಗಿದ್ದರೆ ತಲುಪಿಯೂ ಪ್ರಯೋಜನವಿಲ್ಲ.

ಬಾಕಿ ಕರಗುವ ವೇಗವನ್ನೂ ನೋಡಬೇಕು. ನುಗ್ಗಲು ಮುಗಿದ ಮೇಲೆ ಒಳಬರುವುದು ಸೆಕೆಂಡಿಗೆ 1,000ಕ್ಕೆ ಇಳಿದರೆ 20 ನಿಮಿಷದಲ್ಲಿ ಕ್ಯೂ ಖಾಲಿ. ಅದೇ 2,800ರಲ್ಲೇ ನಿಂತರೆ ಸೆಕೆಂಡಿಗೆ ಕರಗುವುದು 200 ಮಾತ್ರ. ಆಗ ಕ್ಯೂ ಖಾಲಿಯಾಗಲು 3 ಗಂಟೆ 20 ನಿಮಿಷ ಬೇಕು. 20 ನಿಮಿಷದ ಗದ್ದಲಕ್ಕೆ ಅರ್ಧ ದಿನದ ಕೆಲಸ ಹಾಳು. ಡಿಸ್ಕ್ ದೊಡ್ಡದು ಮಾಡಿದರೆ ಈ ಕಾಯುವಿಕೆಗೆ ಇನ್ನಷ್ಟು ಜಾಗ ಕೊಟ್ಟಂತಾಗುತ್ತದೆ, ಅದು ಕಡಿಮೆಯಾಗುವುದಿಲ್ಲ.

ಮಿತಿ ಹಾಕುವುದೆಂದರೆ ಯಾರು ಕಾಯಬೇಕು, ಎಲ್ಲಿ ಕಾಯಬೇಕು ಎಂದು ನೀವೇ ತೀರ್ಮಾನಿಸುವುದು. ನೀವು ತೀರ್ಮಾನಿಸದಿದ್ದರೆ ಬ್ರೋಕರ್‌ನ (ಕ್ಯೂ ನಡೆಸುವ ಸರ್ವರ್‌ನ) ಮೆಮೊರಿ ತೀರ್ಮಾನಿಸುತ್ತದೆ, ಅದೂ ಸಾಮಾನ್ಯವಾಗಿ ಅತಿ ಕೆಟ್ಟ ಹೊತ್ತಿನಲ್ಲಿ.

ಪ್ರಶ್ನೆ: ಕಾಫ್ಕಾ ಎಂಬ ಕ್ಯೂ ತಂತ್ರಾಂಶದಲ್ಲಿ ಒಂದು ತಂಡದ ಕ್ಲೈಂಟ್ ಐಡಿಗೆ ಸೆಕೆಂಡಿಗೆ 10 ಎಂಬಿ ಕೋಟಾ ಹಾಕಿದ್ದೇವೆ. ಗ್ರಾಫಿನಲ್ಲಿ ಮಾತ್ರ 28–30 ಎಂಬಿ ಬರುತ್ತಿದೆ. ಕೋಟಾ ಕೆಲಸ ಮಾಡುತ್ತಿಲ್ಲವೇ? — ಓದುಗರು, ಬೆಂಗಳೂರು

ಕೆಲಸ ಮಾಡುತ್ತಿದೆ. ನಿಮ್ಮಲ್ಲಿ ಬ್ರೋಕರ್‌ಗಳು ಮೂರು ಇರಬೇಕು. ಪ್ರೊಡ್ಯೂಸರ್ ಬೈಟ್ ರೇಟ್ ಎಂಬ ಈ ಕೋಟಾ ಇಡೀ ಕ್ಲಸ್ಟರಿಗೆ ಅಲ್ಲ, ಪ್ರತಿ ಬ್ರೋಕರಿಗೆ. ಮೂರೂ ಬ್ರೋಕರ್‌ಗಳು ತಮ್ಮ ತಮ್ಮ ಲೆಕ್ಕದಲ್ಲಿ 10 ಎಂಬಿ ಬಿಡುತ್ತವೆ. ಒಟ್ಟು 10 ಎಂಬಿ ಬೇಕಿದ್ದರೆ ಮೂರರಿಂದ ಭಾಗಿಸಿ ಸುಮಾರು 3.3 ಎಂಬಿ ಹಾಕಬೇಕು. ಮೌಲ್ಯವನ್ನು ಬೈಟ್‌ಗಳಲ್ಲೇ ಬರೆಯಬೇಕು ಎನ್ನುವುದನ್ನು ಮರೆಯಬೇಡಿ. 10 ಎಂದು ಬರೆದು ಸೆಕೆಂಡಿಗೆ ಹತ್ತು ಬೈಟ್ ಕೋಟಾ ಕೊಟ್ಟು, ಪ್ರೊಡ್ಯೂಸರ್ ಸತ್ತೇಹೋಯಿತು ಎಂದು ಹುಡುಕಾಡುವವರಿದ್ದಾರೆ.

ಭಾಗಿಸಿದರೆ ಇನ್ನೊಂದು ತೊಡಕು ಎದುರಾಗುತ್ತದೆ, ಅದಕ್ಕೂ ಸಿದ್ಧರಿರಿ. ಕಾಫ್ಕಾ ಮೆಸೇಜ್‌ಗಳನ್ನು ಪಾರ್ಟಿಷನ್ ಎಂಬ ತುಂಡುಗಳಾಗಿ ಹಂಚಿಡುತ್ತದೆ, ಪ್ರತಿ ತುಂಡಿಗೂ ಬರೆಯುವುದು ಅದರ ಲೀಡರ್ ಇರುವ ಬ್ರೋಕರ್ ಮೂಲಕ. ಪಾರ್ಟಿಷನ್ ಲೀಡರ್‌ಗಳು ಮೂರೂ ಬ್ರೋಕರ್‌ಗಳಲ್ಲಿ ಸಮನಾಗಿ ಹಂಚಿಹೋಗಿರದಿದ್ದರೆ, ಅಥವಾ ಒಂದೇ ಕೀ (ಯಾವ ಪಾರ್ಟಿಷನ್‌ಗೆ ಎಂದು ನಿರ್ಧರಿಸುವ ಗುರುತು) ಇರುವ ಮೆಸೇಜ್‌ಗಳು ಹೆಚ್ಚಿದ್ದು ಒಂದೇ ಪಾರ್ಟಿಷನ್‌ಗೆ ಬೀಳುತ್ತಿದ್ದರೆ, ಒಂದು ಬ್ರೋಕರ್ 3.3 ಎಂಬಿಗೇ ಕೈ ಅಡ್ಡ ಹಿಡಿಯುತ್ತದೆ, ಉಳಿದ ಎರಡು ಸುಮ್ಮನೆ ಕೂತಿರುತ್ತವೆ. ಪ್ರೊಡ್ಯೂಸರ್‌ನೊಳಗಿನ ಬಫರ್ (ಕಳಿಸುವ ಮುಂಚೆ ಮೆಸೇಜ್ ಕೂಡಿಡುವ ಜಾಗ) ಎಲ್ಲ ಪಾರ್ಟಿಷನ್‌ಗಳಿಗೂ ಒಂದೇ. ತಡೆಯಲ್ಪಟ್ಟ ಪಾರ್ಟಿಷನ್‌ನ ಬ್ಯಾಚ್‌ಗಳೇ (ಒಟ್ಟಿಗೆ ಕಳಿಸುವ ಮೆಸೇಜ್ ಕಟ್ಟುಗಳೇ) ಬಫರನ್ನು ತುಂಬಿಬಿಟ್ಟರೆ, ಬಿಡುವಾಗಿರುವ ಬ್ರೋಕರಿಗೆ ಹೋಗಬೇಕಾದ ಮೆಸೇಜೂ ಒಳಗೆ ಬರಲಾಗದು. ಒಟ್ಟು 10 ಎಂಬಿ ಕೊಟ್ಟಿದ್ದರೂ 5 ಎಂಬಿಗೇ ಉಸಿರುಗಟ್ಟುವುದು ಹೀಗೆ. ಕೋಟಾ ಇಳಿಸುವ ಮೊದಲು ಬ್ರೋಕರ್‌ವಾರು ಒಳಹರಿವನ್ನು ನೋಡಿ. ಒಂದರ ಮೇಲೇ ಭಾರವಿದ್ದರೆ ಮೊದಲು ಲೀಡರ್ ಹಂಚಿಕೆ, ಕೀ ಆಯ್ಕೆ ಸರಿಪಡಿಸಿ.

ಕ್ಲೈಂಟ್ ಐಡಿಯ ವಿಷಯದಲ್ಲೂ ಒಂದು ಮಾತು. ಅದು ಆಪ್ ತನ್ನ ಕಾನ್ಫಿಗ್‌ನಲ್ಲಿ ತಾನೇ ಬರೆದುಕೊಳ್ಳುವ ಹೆಸರು. ಕೋಟಾ ಕಚ್ಚುತ್ತಿದ್ದಂತೆ ಹೆಸರು ಬದಲಿಸಿದರೆ ತಪ್ಪಿಸಿಕೊಂಡಂತೆಯೇ. ಲಾಗಿನ್ ಅಥವಾ ಸರ್ಟಿಫಿಕೇಟ್‌ನಿಂದ ದೃಢಪಟ್ಟ ಯೂಸರ್‌ಗೆ ಕೋಟಾ ಕಟ್ಟಿ. ಜೊತೆಗೆ ಡೀಫಾಲ್ಟ್ ಯೂಸರ್‌ಗೂ ಒಂದು ಮಿತಿ ಇಡಿ, ಇಲ್ಲವಾದರೆ ಹೊಸದಾಗಿ ಸೇರಿದ ತಂಡಕ್ಕೆ ಮಿತಿಯೇ ಇರುವುದಿಲ್ಲ. ಇವೆಲ್ಲ ಕಾಫ್ಕಾ ಕಾನ್ಫಿಗ್ಸ್ ಸ್ಕ್ರಿಪ್ಟಿನಿಂದ ಆಗುತ್ತದೆ, ಬ್ರೋಕರ್ ರೀಸ್ಟಾರ್ಟ್ ಬೇಕಿಲ್ಲ. ಹಲವು ಕೋಟಾ ಹೊಂದಿಕೊಂಡರೆ ಅತಿ ನಿರ್ದಿಷ್ಟವಾದ ಒಂದೇ ಅನ್ವಯಿಸುತ್ತದೆ. ಯೂಸರ್ ಮತ್ತು ಕ್ಲೈಂಟ್ ಐಡಿ ಎರಡನ್ನೂ ಸೇರಿಸಿ ಹಾಕಿದ ಕೋಟಾ ಇದ್ದರೆ, ಬರೀ ಯೂಸರ್‌ಗೆ ಹಾಕಿದ್ದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಗುರುತಿನಡಿ 20 ಪಾಡ್‌ಗಳು (ಆಪ್‌ನ ಪ್ರತಿಗಳು) ಓಡುತ್ತಿದ್ದರೆ ಇಪ್ಪತ್ತೂ ಸೇರಿ ಒಂದೇ ಕೋಟಾ ಹಂಚಿಕೊಳ್ಳುತ್ತವೆ.

ಬೈಟ್ ಕೋಟಾಗೆ ಸಿಗದ ಪೀಡೆಯೂ ಒಂದಿದೆ: ನೂರು ಬೈಟಿನ ಪುಟಾಣಿ ಮೆಸೇಜ್‌ಗಳನ್ನು ಬ್ಯಾಚ್ ಮಾಡದೆ ಒಂದೊಂದಾಗಿ ಕಳಿಸುವ ಆಪ್. ಬೈಟ್ ಲೆಕ್ಕದಲ್ಲಿ ಅದು ಬಡಪಾಯಿ, ಬ್ರೋಕರ್‌ನ ಥ್ರೆಡ್‌ಗಳನ್ನು (ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆಗಳನ್ನು) ಮಾತ್ರ ತಿಂದುಹಾಕುತ್ತದೆ. ಅದಕ್ಕಾಗಿ ರಿಕ್ವೆಸ್ಟ್ ಪರ್ಸೆಂಟೇಜ್ ಎಂಬ ಬೇರೆ ಕೋಟಾ ಇದೆ. ಇಲ್ಲಿ ಒಂದು ಥ್ರೆಡ್‌ಗೆ 100 ಶೇಕಡಾ. 8 ಐಒ ಥ್ರೆಡ್, 3 ನೆಟ್‌ವರ್ಕ್ ಥ್ರೆಡ್ ಇರುವ ಡೀಫಾಲ್ಟ್ ಬ್ರೋಕರ್‌ನ ಒಟ್ಟು ಸಾಮರ್ಥ್ಯ 1,100 ಶೇಕಡಾ. ಹಾಗಾಗಿ 50 ಎಂದು ಕೊಟ್ಟರೆ ಅರ್ಧ ಬ್ರೋಕರ್ ಅಲ್ಲ, ಅರ್ಧ ಥ್ರೆಡ್ ಕೊಟ್ಟ ಹಾಗೆ.

ಪ್ರಶ್ನೆ: ಕೋಟಾ ಹಾಕಿದ ಮೇಲೆ ಬ್ರೋಕರ್ ತಣ್ಣಗಾಯಿತು. ಆದರೆ ನಮ್ಮ ವೆಬ್ ಆಪ್ ಒಮ್ಮೊಮ್ಮೆ ಒಂದು ನಿಮಿಷ ಹೆಪ್ಪುಗಟ್ಟಿ ನಿಲ್ಲುತ್ತದೆ. ಬಫರ್ ಮೆಮೊರಿಯನ್ನು 512 ಎಂಬಿಗೆ ಏರಿಸಿದೆವು. ಈಗ ಹೆಪ್ಪುಗಟ್ಟುವುದು ಕಡಿಮೆಯಾಗಿದೆ, ಬದಲಿಗೆ ಮೆಸೇಜ್‌ಗಳು ಟೈಮ್‌ಔಟ್ ಎಂದು ಕಳೆದುಹೋಗುತ್ತಿವೆ. — ಓದುಗರು, ಹುಬ್ಬಳ್ಳಿ

ಈ ಎರಡು ತೊಂದರೆಗಳ ಮೂಲ ಒಂದೇ. ಕೋಟಾ ಮೀರಿದಾಗ ಕಾಫ್ಕಾ ಬ್ರೋಕರ್ ಎರರ್ ಕಳಿಸುವುದಿಲ್ಲ. ಎಷ್ಟು ಹೊತ್ತು ತಡೆಯಬೇಕೆಂದು ಲೆಕ್ಕ ಹಾಕಿ, ಆ ಸಮಯವನ್ನು ಉತ್ತರದಲ್ಲಿ ತಿಳಿಸಿ, ಅಷ್ಟು ಹೊತ್ತು ಆ ಕನೆಕ್ಷನ್‌ನಿಂದ ಓದುವುದನ್ನೇ ನಿಲ್ಲಿಸುತ್ತದೆ. ನಿಮ್ಮ ಪ್ರೊಡ್ಯೂಸರ್ ಲೈಬ್ರರಿ ಈ ತಡೆಯನ್ನು ತನ್ನ ಬಫರ್‌ನಲ್ಲಿ ನುಂಗಿಕೊಳ್ಳುತ್ತದೆ. ಹಾಗಾಗಿ ಕೋಡಿಗೆ ಮೊದಮೊದಲು ಏನೂ ಗೊತ್ತಾಗುವುದಿಲ್ಲ.

ಬಫರ್ ಮೆಮೊರಿಯ ಡೀಫಾಲ್ಟ್ 32 ಎಂಬಿ. ನಿಮ್ಮ ಆಪ್ ಸೆಕೆಂಡಿಗೆ 8 ಎಂಬಿ ಹುಟ್ಟಿಸುತ್ತಿದೆ, ಕೋಟಾ ಬಿಡುವುದು 4 ಎಂಬಿ ಎಂದುಕೊಳ್ಳಿ. ಪ್ರತಿ ಸೆಕೆಂಡೂ 4 ಎಂಬಿ ಉಳಿಯುತ್ತದೆ, ಎಂಟೇ ಸೆಕೆಂಡಿನಲ್ಲಿ ಬಫರ್ ಭರ್ತಿ. ಅಲ್ಲಿಂದ ಮುಂದೆ ಸೆಂಡ್ ಎಂಬ ಕರೆ ಮ್ಯಾಕ್ಸ್ ಬ್ಲಾಕ್ ಎಂಎಸ್‌ನಷ್ಟು ಹೊತ್ತು ಅಲ್ಲೇ ನಿಲ್ಲುತ್ತದೆ. ಅದರ ಡೀಫಾಲ್ಟ್ 60,000, ಅಂದರೆ ಒಂದು ನಿಮಿಷ. ಸೆಂಡ್ ಅಸಿಂಕ್ರೊನಸ್ (ಉತ್ತರಕ್ಕೆ ಕಾಯದ ಕರೆ), ಹಾಗಾಗಿ ಎಂದೂ ನಿಲ್ಲುವುದಿಲ್ಲ ಎಂದು ನಂಬಿ ವೆಬ್ ರಿಕ್ವೆಸ್ಟಿನ ಥ್ರೆಡ್ಡಿನಲ್ಲೇ ಅದನ್ನು ಕರೆದಿರುತ್ತೀರಿ. 200 ಥ್ರೆಡ್‌ಗಳಿದ್ದರೆ ಇನ್ನೂರೂ ಒಂದೊಂದಾಗಿ ಅಲ್ಲಿ ಸಿಕ್ಕಿಕೊಳ್ಳುತ್ತವೆ. ಕಾಫ್ಕಾಗೆ ಸಂಬಂಧವೇ ಇಲ್ಲದ ಲಾಗಿನ್ ಪುಟವೂ ತೆರೆಯುವುದಿಲ್ಲ.

ಬಫರನ್ನು 512 ಎಂಬಿ ಮಾಡಿದಾಗ ಏನಾಯಿತು? 4 ಎಂಬಿ ವೇಗದಲ್ಲಿ 512 ಎಂಬಿ ಹೊರಹೋಗಲು 128 ಸೆಕೆಂಡ್ ಬೇಕು. ಡೆಲಿವರಿ ಟೈಮ್‌ಔಟ್ ಎಂಎಸ್‌ನ ಡೀಫಾಲ್ಟ್ 1,20,000, ಅಂದರೆ 120 ಸೆಕೆಂಡ್. ತುಂಬಿದ ಬಫರಿನ ತುದಿಗೆ ಬಂದ ಬ್ಯಾಚ್ ಸರದಿ ಬರುವ ಮೊದಲೇ ಅವಧಿ ಮೀರಿ ಬಿದ್ದುಹೋಗುತ್ತದೆ. ಬಫರ್ ಗಾತ್ರವನ್ನು ಬಿಡುಗಡೆಯ ವೇಗದಿಂದ ಭಾಗಿಸಿದರೆ ಬರುವ ಸೆಕೆಂಡುಗಳು ಡೆಲಿವರಿ ಟೈಮ್‌ಔಟಿನ ಅರ್ಧವನ್ನೂ ದಾಟಬಾರದು ಎನ್ನುವುದು ನಮ್ಮ ಲೆಕ್ಕ. ನಿಮ್ಮ ವಿಷಯದಲ್ಲಿ 128 ಎಂಬಿ ಇಟ್ಟರೆ 32 ಸೆಕೆಂಡ್, ಅದು ಸಾಕು.

ಈಗ ಮಾಡಬೇಕಾದದ್ದು. ವೆಬ್ ದಾರಿಯಲ್ಲಿರುವ ಪ್ರೊಡ್ಯೂಸರ್‌ಗೆ ಮ್ಯಾಕ್ಸ್ ಬ್ಲಾಕ್ ಎಂಎಸ್ ಅನ್ನು 200ರಿಂದ 500ರ ನಡುವೆ ಇಡಿ. ಅವಧಿ ಮೀರಿದರೆ ಬರುವ ಟೈಮ್‌ಔಟ್ ಎಕ್ಸೆಪ್ಶನ್ ಹಿಡಿದು, ಬಳಕೆದಾರರ ಆಪ್‌ಗೆ 429 (ಬೇಡಿಕೆ ಮಿತಿ ಮೀರಿದೆ) ಅಥವಾ 503 (ಸೇವೆ ಸದ್ಯಕ್ಕಿಲ್ಲ) ಉತ್ತರವನ್ನು, ಎಷ್ಟು ಹೊತ್ತು ಬಿಟ್ಟು ಮತ್ತೆ ಕೇಳಬೇಕೆಂದು ತಿಳಿಸುವ ರಿಟ್ರೈ ಆಫ್ಟರ್ ಹೆಡರ್ ಸಮೇತ ಕೊಡಿ. ಇಲ್ಲೊಂದು ಸೂಕ್ಷ್ಮವಿದೆ. ಮ್ಯಾಕ್ಸ್ ಬ್ಲಾಕ್‌ನ ಸಮಯದಲ್ಲಿ ಟಾಪಿಕ್‌ನ (ಮೆಸೇಜ್ ಹೋಗುವ ವಿಭಾಗದ) ಮೆಟಾಡೇಟಾ, ಅಂದರೆ ಅದರ ಪಾರ್ಟಿಷನ್‌ಗಳು ಯಾವ ಬ್ರೋಕರ್‌ನಲ್ಲಿವೆ ಎಂಬ ಮಾಹಿತಿ, ತರುವ ಸಮಯವೂ ಸೇರುತ್ತದೆ. ಆಪ್ ಶುರುವಾದ ತಕ್ಷಣದ ಮೊದಲ ಸೆಂಡ್ 200 ಮಿಲಿಸೆಕೆಂಡಿನಲ್ಲಿ ಮುಗಿಯದೆ ವಿಫಲವಾಗಬಹುದು. ಆದ್ದರಿಂದ ಟ್ರಾಫಿಕ್ ಬಿಡುವ ಮುಂಚೆ ಪಾರ್ಟಿಷನ್ಸ್ ಫಾರ್ ಕರೆ ಮಾಡಿ ಮೆಟಾಡೇಟಾ ತಂದಿಟ್ಟುಕೊಳ್ಳಿ. ಆದರೆ ಈ ಕರೆಗೂ ಅದೇ ಮ್ಯಾಕ್ಸ್ ಬ್ಲಾಕ್ ಅನ್ವಯಿಸುತ್ತದೆ, ಹಾಗಾಗಿ ಯಶಸ್ವಿಯಾಗುವವರೆಗೆ ಅದನ್ನೇ ಮತ್ತೆ ಮತ್ತೆ ಕರೆಯಬೇಕು.

ಕಳೆದುಹೋಗಲೇಬಾರದ ಮೆಸೇಜ್‌ಗಳಿಗೆ, ಉದಾಹರಣೆಗೆ ಹಣ ಪಾವತಿಯ ದಾಖಲೆಗಳಿಗೆ, ಬಫರ್ ಮೇಲೆ ಭರವಸೆ ಬೇಡ. ವಹಿವಾಟಿನ ಜೊತೆಗೇ ಡೇಟಾಬೇಸಿನ ಔಟ್‌ಬಾಕ್ಸ್ ಟೇಬಲ್ಲಿಗೆ ಬರೆದು, ಬೇರೊಂದು ಪ್ರಕ್ರಿಯೆ ಅಲ್ಲಿಂದ ನಿಧಾನವಾಗಿ ಕಾಫ್ಕಾಗೆ ಕಳಿಸಲಿ. ಟೈಮ್‌ಔಟ್ ಆಯಿತೆಂದು ನಿಮ್ಮ ಕೋಡೇ ಅದೇ ಮೆಸೇಜನ್ನು ಮತ್ತೆ ಸೆಂಡ್ ಮಾಡಿದರೆ ಅದು ಎರಡು ಸಲ ಸೇರುವ ಸಾಧ್ಯತೆ ಇದೆ. ಪ್ರೊಡ್ಯೂಸರ್‌ನ ಐಡೆಂಪೊಟೆನ್ಸ್ (ನಕಲು ತಡೆಯುವ) ಸೌಲಭ್ಯ ಕಾಯುವುದು ಲೈಬ್ರರಿಯೊಳಗಿನ ಮರುಪ್ರಯತ್ನಗಳನ್ನು ಮಾತ್ರ. ಪ್ರತಿ ಮೆಸೇಜಿಗೂ ನಿಮ್ಮದೇ ಒಂದು ಗುರುತು ಸಂಖ್ಯೆ ಇರಲಿ.

ಕೋಟಾ ಹೆಚ್ಚಿಸಿ ಎಂದು ಕೇಳಲು ಹೋಗುವ ಮುಂಚೆ ಕಂಪ್ರೆಷನ್ ಆನ್ ಮಾಡಿ ನೋಡಿ. ಪ್ರೊಡ್ಯೂಸರ್‌ನಲ್ಲಿ ಅದು ಡೀಫಾಲ್ಟ್ ಆಗಿ ಇರುವುದಿಲ್ಲ. ಕೋಟಾ ಎಣಿಸುವುದು ನೆಟ್‌ವರ್ಕಿನಲ್ಲಿ ಬಂದ ಬೈಟ್‌ಗಳನ್ನು, ಅಂದರೆ ಒತ್ತಿ ಚಿಕ್ಕದು ಮಾಡಿದ ಗಾತ್ರವನ್ನು. ಜೇಸನ್ ಮೆಸೇಜ್‌ಗಳಿಗೆ ಎಲ್‌ಝಡ್4 ಅಥವಾ ಝಡ್‌ಸ್ಟಾಂಡರ್ಡ್ ಕಂಪ್ರೆಷನ್ ಹಾಕಿ, ಲಿಂಗರ್ (ಬ್ಯಾಚ್ ತುಂಬಲು ಕಾಯುವ ಸಮಯ) 10–20 ಮಿಲಿಸೆಕೆಂಡ್, ಬ್ಯಾಚ್ ಸೈಜ್ 64 ಕೆಬಿ ಮಾಡಿದರೆ ಅದೇ ಕೋಟಾದಲ್ಲಿ ಹೆಚ್ಚು ಮೆಸೇಜ್ ಹೋಗುತ್ತದೆ. ಬ್ಯಾಚ್ ದೊಡ್ಡದಾದಷ್ಟೂ ಕಂಪ್ರೆಷನ್ ಚೆನ್ನಾಗಿ ಹಿಡಿಯುತ್ತದೆ. ಕೊನೆಯದಾಗಿ, ಪ್ರೊಡ್ಯೂಸ್ ಥ್ರಾಟಲ್ ಟೈಮ್ ಆವರೇಜ್ ಎಂಬ ಮೆಟ್ರಿಕ್ಕನ್ನು ಗ್ರಾಫಿಗೆ ಸೇರಿಸಿ. ಅದು ಸೊನ್ನೆ ಬಿಟ್ಟು ಮೇಲೆದ್ದರೆ ಕೋಟಾ ತಡೆಯುತ್ತಿದೆ ಎಂದರ್ಥ. ಬಫರ್ ತುಂಬುವ ಮುಂಚೆಯೇ ಅದು ನಿಮಗೆ ಸುಳಿವು ಕೊಡುತ್ತದೆ.

ಪ್ರಶ್ನೆ: ರ‍್ಯಾಬಿಟ್‌ಎಂಕ್ಯೂ ಎಂಬ ಕ್ಯೂ ತಂತ್ರಾಂಶ ಬಳಸುತ್ತೇವೆ. ಮ್ಯಾನೇಜ್‌ಮೆಂಟ್ ಪುಟದಲ್ಲಿ ಕನೆಕ್ಷನ್ ಪಕ್ಕ ಫ್ಲೋ ಎಂದು ಬರುತ್ತದೆ, ಕೆಲವು ಸಲ ಬ್ಲಾಕ್ಡ್ ಎಂದಾಗುತ್ತದೆ. ಆಗ ಕನ್ಸ್ಯೂಮರ್‌ಗಳೂ ನಿಂತುಬಿಡುತ್ತವೆ, ಕ್ಯೂ ಕರಗುವುದೇ ಇಲ್ಲ. — ಓದುಗರು, ಮಂಗಳೂರು

ಎರಡೂ ಬೇರೆ ಬೇರೆ. ಫ್ಲೋ ಎಂದರೆ ಬ್ರೋಕರ್ ಒಳಗಿನ ಒಂದು ಹಂತ ಹಿಂದೆ ಬಿದ್ದಿದೆ, ಆ ಪ್ರೊಡ್ಯೂಸರ್‌ನಿಂದ ಓದುವುದನ್ನು ಕ್ಷಣಕ್ಷಣಕ್ಕೂ ನಿಲ್ಲಿಸಿ ಬಿಟ್ಟು ಮಾಡಲಾಗುತ್ತಿದೆ ಎಂದು. ಅದಕ್ಕೆ ಗಾಬರಿಯಾಗಬೇಕಿಲ್ಲ, ಅದು ಬ್ರೋಕರ್ ತಾನೇ ಮಾಡಿಕೊಳ್ಳುವ ವೇಗನಿಯಂತ್ರಣ. ದಿನವಿಡೀ ಫ್ಲೋನಲ್ಲೇ ಇದ್ದರೆ ಮಾತ್ರ ಕ್ಯೂ ಅಥವಾ ಡಿಸ್ಕ್ ಸಾಲುತ್ತಿಲ್ಲ ಎಂದು ತಿಳಿಯಬೇಕು.

ಬ್ಲಾಕ್ಡ್ ಎಂದರೆ ಅಲಾರಂ ಹೊಡೆದಿದೆ. ಮೆಮೊರಿ ಹೈ ವಾಟರ್‌ಮಾರ್ಕ್ ದಾಟಿರಬೇಕು (3ನೇ ಸರಣಿಯ ಆವೃತ್ತಿಗಳಲ್ಲಿ ಅದು ರ‍್ಯಾಮಿನ 0.4 ಭಾಗ), ಇಲ್ಲವೇ ಡಿಸ್ಕಿನಲ್ಲಿ ಖಾಲಿ ಜಾಗ ಮಿತಿಗಿಂತ ಇಳಿದಿರಬೇಕು. ಆಗ ಕ್ಲಸ್ಟರಿನ ಒಂದು ನೋಡ್‌ನಲ್ಲಿ ತೊಂದರೆಯಾದರೂ ಎಲ್ಲ ನೋಡ್‌ಗಳಲ್ಲೂ ಪಬ್ಲಿಷ್ ಮಾಡುವ (ಮೆಸೇಜ್ ಕಳಿಸುವ) ಕನೆಕ್ಷನ್‌ಗಳು ನಿಲ್ಲುತ್ತವೆ. ಡಿಸ್ಕ್ ಫ್ರೀ ಲಿಮಿಟ್‌ನ ಡೀಫಾಲ್ಟ್ ಬರೀ 50 ಎಂಬಿ. ನಿಜವಾದ ಸರ್ವರ್‌ಗೆ ಇದು ಏನೇನೂ ಸಾಲದು, ಕೆಲವು ಜಿಬಿಗಳಿಗಾದರೂ ಏರಿಸಿ.

ನಿಮ್ಮ ಕನ್ಸ್ಯೂಮರ್‌ಗಳು ನಿಲ್ಲಲು ಕಾರಣ ಹೆಚ್ಚುಕಡಿಮೆ ಖಚಿತ: ಒಂದೇ ಕನೆಕ್ಷನ್‌ನಲ್ಲಿ ಪಬ್ಲಿಷ್ ಮತ್ತು ಕನ್ಸ್ಯೂಮ್ ಎರಡೂ ಮಾಡುತ್ತಿದ್ದೀರಿ. ಬ್ರೋಕರ್ ತಡೆಯುವುದು ಇಡೀ ಟಿಸಿಪಿ ಕನೆಕ್ಷನ್ನನ್ನು. ಕನ್ಸ್ಯೂಮರ್ ಕಳಿಸುವ ಆ್ಯಕ್ (ಮೆಸೇಜ್ ಮುಗಿಸಿದೆ ಎಂಬ ಉತ್ತರ) ಕೂಡ ಅದೇ ದಾರಿಯಲ್ಲಿ ಬರಬೇಕು. ಅದನ್ನು ಓದುವವರಿಲ್ಲ, ಆ್ಯಕ್ ಸಿಗದೆ ಮೆಸೇಜ್ ಅಳಿಯುವುದಿಲ್ಲ, ಮೆಮೊರಿ ಇಳಿಯುವುದಿಲ್ಲ, ಅಲಾರಂ ನಿಲ್ಲುವುದಿಲ್ಲ. ಚಾನೆಲ್ (ಒಂದೇ ಕನೆಕ್ಷನ್ನಿನೊಳಗಿನ ಉಪದಾರಿ) ಬೇರೆ ಮಾಡಿದರೆ ಸಾಲದು, ಕನೆಕ್ಷನ್ನೇ ಬೇರೆ ಬೇಕು. ಈ ಅಂಕಣದಿಂದ ಒಂದೇ ಬದಲಾವಣೆ ಮಾಡುವುದಾದರೆ ಇದನ್ನು ಇವತ್ತೇ ಮಾಡಿ.

ಅಲಾರಂವರೆಗೆ ಹೋಗದಂತೆ ತಡೆಯಲು ಪಬ್ಲಿಷರ್ ಕನ್ಫರ್ಮ್ (ಮೆಸೇಜ್ ಸೇರಿತೆಂದು ಬ್ರೋಕರ್ ಕೊಡುವ ಉತ್ತರ) ಬಳಸಿ, ಉತ್ತರ ಬಾರದೆ ಬಾಕಿ ಇರುವ ಮೆಸೇಜ್‌ಗಳ ಸಂಖ್ಯೆಗೆ ಮಿತಿ ಹಾಕಿ. ಸೆಕೆಂಡಿಗೆ 2,000 ಕಳಿಸಬೇಕು, ಕನ್ಫರ್ಮ್ ಬರಲು 30 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದರೆ, 2,000 ಗುಣಿಸು 0.03, ಒಂದು ಹೊತ್ತಿಗೆ 60 ಮೆಸೇಜ್ ಉತ್ತರಕ್ಕೆ ಕಾಯುತ್ತಿರಬೇಕು. ಏರಿಳಿತಕ್ಕೆಂದು 150–200 ಇಡಿ. ಒಂದು ಸೆಮಫೋರ್ ಸಾಕು: ಕಳಿಸುವಾಗ ಒಂದು ಪರ್ಮಿಟ್ ತೆಗೆದುಕೊಳ್ಳುವುದು, ಆ್ಯಕ್ ಅಥವಾ ನ್ಯಾಕ್ (ನಿರಾಕರಣೆ) ಬಂದಾಗ ಮರಳಿಸುವುದು. ಒಂದು ಕನ್ಫರ್ಮ್‌ನಲ್ಲಿ ಮಲ್ಟಿಪಲ್ ಎಂಬ ಗುರುತು ಇದ್ದರೆ ಆ ಸಂಖ್ಯೆಯವರೆಗಿನ ಬಾಕಿ ಎಲ್ಲಕ್ಕೂ ಉತ್ತರ ಬಂತೆಂದು ಅರ್ಥ, ಅಷ್ಟೂ ಪರ್ಮಿಟ್‌ಗಳನ್ನು ಮರಳಿಸಬೇಕು. ಇಲ್ಲಿ ಒಂದನ್ನೇ ಮರಳಿಸುವ ಕೋಡು ಕೆಲವು ಗಂಟೆ ಚೆನ್ನಾಗಿ ಓಡಿ, ಪರ್ಮಿಟ್ ಸೋರಿಹೋಗಿ, ಕಾರಣವೇ ತಿಳಿಯದಂತೆ ನಿಲ್ಲುತ್ತದೆ. ಬ್ರೋಕರ್ ನಿಧಾನವಾದರೆ ಕನ್ಫರ್ಮ್ ತಡವಾಗುತ್ತದೆ, ಪರ್ಮಿಟ್ ತಡವಾಗಿ ಸಿಗುತ್ತದೆ, ಪ್ರೊಡ್ಯೂಸರ್ ತಾನಾಗಿಯೇ ನಿಧಾನವಾಗುತ್ತದೆ. ಸೆಕೆಂಡಿಗೆ ಇಷ್ಟು ಎಂಬ ಸ್ಥಿರ ಸಂಖ್ಯೆಗಿಂತ ಈ ವಿಧಾನ ನಮಗೆ ಹೆಚ್ಚು ಹಿಡಿಸುವುದು ಇದೇ ಕಾರಣಕ್ಕೆ.

ಪ್ರಶ್ನೆ: ರ‍್ಯಾಬಿಟ್‌ಎಂಕ್ಯೂನಲ್ಲಿ ಕ್ಯೂ ಉದ್ದಕ್ಕೆ ಮ್ಯಾಕ್ಸ್ ಲೆಂಗ್ತ್ 1 ಲಕ್ಷ ಹಾಕಿದೆವು. ಪ್ರೊಡ್ಯೂಸರ್ ನಿಧಾನವಾಗಲೇ ಇಲ್ಲ, ಹಳೆಯ ಮೆಸೇಜ್‌ಗಳು ಮಾಯವಾದವು. — ಓದುಗರು, ಶಿವಮೊಗ್ಗ

ಡೀಫಾಲ್ಟ್ ನಡವಳಿಕೆ ಡ್ರಾಪ್ ಹೆಡ್: ಕ್ಯೂ ತುಂಬಿದರೆ ಸಾಲಿನ ಮುಂತುದಿಯಲ್ಲಿರುವುದನ್ನು, ಅಂದರೆ ಅತಿ ಹಳೆಯದನ್ನು ಬಿಸಾಡುತ್ತದೆ. ಓವರ್‌ಫ್ಲೋ ಎಂಬ ಕೀಲಿಗೆ ರಿಜೆಕ್ಟ್ ಪಬ್ಲಿಷ್ ಎಂದು ಕೊಟ್ಟರೆ ಹೊಸದನ್ನು ನಿರಾಕರಿಸಿ ನ್ಯಾಕ್ ಕಳಿಸುತ್ತದೆ. ಕನ್ಫರ್ಮ್ ಆನ್ ಮಾಡಿರದ ಪ್ರೊಡ್ಯೂಸರ್‌ಗೆ ನ್ಯಾಕ್ ಬರುವುದಿಲ್ಲ, ಆಗ ಹೊಸ ಮೆಸೇಜ್ ಸದ್ದಿಲ್ಲದೆ ಹೋಗುತ್ತದೆ. ಎರಡನ್ನೂ ಒಟ್ಟಿಗೇ ಮಾಡಿ. ಕ್ಯೂ ಹುಟ್ಟಿಸುವ ಕೋಡಿನಲ್ಲಿ ಈ ಮಿತಿಗಳನ್ನು ಬರೆದಿದ್ದರೆ ಆಮೇಲೆ ಬದಲಿಸಲಾಗದು. ಬೇರೆ ಮೌಲ್ಯದೊಂದಿಗೆ ಡಿಕ್ಲೇರ್ ಮಾಡಿದರೆ 406 ಎರರ್ ಬರುತ್ತದೆ. ಪಾಲಿಸಿಯಾಗಿ (ಬ್ರೋಕರ್‌ನಲ್ಲೇ ಬರೆಯುವ ನಿಯಮವಾಗಿ) ಹಾಕಿದರೆ ಓಡುತ್ತಿರುವಾಗಲೇ ತಿದ್ದಬಹುದು. ಸೆನ್ಸರ್‌ನ ಈಗಿನ ಉಷ್ಣತೆಯಂಥ ಡೇಟಾಗೆ ಡ್ರಾಪ್ ಹೆಡ್ಡೇ ಸರಿ, ಆರ್ಡರ್‌ಗಳಿಗೆ ಖಂಡಿತ ಅಲ್ಲ.

ಪ್ರಶ್ನೆ: ಶಾಲೆಗಳಿಗೆ ತಂತ್ರಾಂಶ ಒದಗಿಸುತ್ತೇವೆ. ಎಸ್ಸೆಸ್ಸೆಲ್ಸಿ ಫಲಿತಾಂಶದಂಥ ದಿನ 60,000 ಪೋಷಕರಿಗೆ ಒಟ್ಟಿಗೆ ಎಸ್ಎಂಎಸ್ ಹೋಗಬೇಕು. ಗೇಟ್‌ವೇ ಸೆಕೆಂಡಿಗೆ 50 ಮಾತ್ರ ಬಿಡುತ್ತದೆ. ಅದೇ ಹೊತ್ತಿನಲ್ಲಿ ಲಾಗಿನ್ ಒಟಿಪಿಗಳು ತಡವಾಗಿ, ಜನ ಫೋನ್ ಮಾಡಿ ಬೈಯುತ್ತಾರೆ. ಅಮೆಜಾನ್‌ನ ಕ್ಯೂ ಸೇವೆಯಾದ ಎಸ್‌ಕ್ಯೂಎಸ್ ಬಳಸುತ್ತಿದ್ದೇವೆ. — ಓದುಗರು, ದಾವಣಗೆರೆ

60,000ವನ್ನು 50ರಿಂದ ಭಾಗಿಸಿದರೆ 1,200 ಸೆಕೆಂಡ್, 20 ನಿಮಿಷ. ಇಷ್ಟನ್ನೂ ಒಂದೇ ಏಟಿಗೆ ಕ್ಯೂಗೆ ಸುರಿದರೆ ಮರುಕ್ಷಣ ಬಂದ ಒಟಿಪಿ 20 ನಿಮಿಷ ಹಿಂದೆ ಬೀಳುತ್ತದೆ. ಎಸ್‌ಕ್ಯೂಎಸ್‌ನ ಸ್ಟ್ಯಾಂಡರ್ಡ್ ಕ್ಯೂ ನಿಮ್ಮನ್ನು ತಡೆಯುವುದೂ ಇಲ್ಲ, ಎಷ್ಟು ಕೊಟ್ಟರೂ ತೆಗೆದುಕೊಳ್ಳುತ್ತದೆ. ಹಾಗಾಗಿ ಹಿಮ್ಮುಖ ಒತ್ತಡವನ್ನು (ಕಳಿಸುವವರನ್ನು ನಿಧಾನಿಸುವ ತಡೆಯನ್ನು) ನೀವೇ ಕಟ್ಟಿಕೊಳ್ಳಬೇಕು.

ಮೊದಲು ಕ್ಯೂ ಎರಡು ಮಾಡಿ: ಒಟಿಪಿಗೆ ಒಂದು, ಸಾಮೂಹಿಕ ಸಂದೇಶಕ್ಕೆ ಒಂದು. ಗೇಟ್‌ವೇಯ 50ರಲ್ಲಿ ಸಾಮೂಹಿಕ ಕ್ಯೂನ ಕನ್ಸ್ಯೂಮರ್‌ಗೆ 40, ಒಟಿಪಿಗೆ 10 ಮೀಸಲಿಡಿ. ಸಾಮೂಹಿಕ ಸಂದೇಶ ಮುಗಿಯಲು 25 ನಿಮಿಷ ಆಗುತ್ತದೆ. ಐದು ನಿಮಿಷ ತಡವಾದರೆ ಯಾರಿಗೂ ನಷ್ಟವಿಲ್ಲ, ಒಟಿಪಿ ಮಾತ್ರ ಸೆಕೆಂಡುಗಳಲ್ಲಿ ತಲುಪುತ್ತದೆ.

ಸಾಮೂಹಿಕ ಪ್ರೊಡ್ಯೂಸರ್ ಕೂಡ 60,000ವನ್ನೂ ಕ್ಯೂಗೆ ಹಾಕಬೇಕಿಲ್ಲ. ಪಟ್ಟಿ ಡೇಟಾಬೇಸಿನಲ್ಲೇ ಇರಲಿ. ಕ್ಯೂನಲ್ಲಿ ಬಾಕಿ 1,000ಕ್ಕಿಂತ ಕಡಿಮೆಯಾದಾಗ ಮುಂದಿನ 500 ಹಾಕಿ, ಹಾಕಿದ ಸಾಲುಗಳಿಗೆ ಗುರುತು ಮಾಡಿಕೊಳ್ಳಿ. ಎಸ್‌ಕ್ಯೂಎಸ್ ಕೊಡುವ ಬಾಕಿ ಸಂಖ್ಯೆ ಅಂದಾಜು ಮಾತ್ರ, ಅದಕ್ಕೇ 1,000ದಂಥ ಸಡಿಲ ಗಡಿ. ಇದರಿಂದ ಇನ್ನೊಂದು ದೊಡ್ಡ ಅನುಕೂಲ: ಸಂದೇಶದ ಪಠ್ಯದಲ್ಲಿ ತಪ್ಪು ಕಂಡರೆ ಅಲ್ಲೇ ನಿಲ್ಲಿಸಬಹುದು. 60,000 ಕ್ಯೂ ಸೇರಿದ ಮೇಲೆ ಒಂದು ಶಾಲೆಯದ್ದನ್ನು ಮಾತ್ರ ಹೆಕ್ಕಿ ತೆಗೆಯಲು ದಾರಿಯಿಲ್ಲ.

ಒಟಿಪಿ ಕ್ಯೂಗೆ ಅತಿ ಹಳೆಯ ಮೆಸೇಜಿನ ವಯಸ್ಸಿನ ಮೇಲೆ ಅಲಾರಂ ಇಡಿ, ಬಾಕಿ ಸಂಖ್ಯೆಯ ಮೇಲೆ ಬೇಡ. 500 ಬಾಕಿ ಎಂದರೆ ಒಳ್ಳೆಯದೋ ಕೆಟ್ಟದೋ ಹೇಳಲಾಗದು, 30 ಸೆಕೆಂಡ್ ಹಳೆಯದು ಎಂದರೆ ಕೆಟ್ಟದ್ದೇ. ಕ್ಯೂನಿಂದ ತೆಗೆದ ಒಟಿಪಿಯ ಅವಧಿ ಮುಗಿದಿದ್ದರೆ ಗೇಟ್‌ವೇಗೆ ಕಳಿಸದೆ ಬಿಟ್ಟುಬಿಡಿ. ಬಳಕೆದಾರರು ಅಷ್ಟರಲ್ಲಿ ಮತ್ತೆ ಕಳಿಸು ಒತ್ತಿ ಹೊಸದನ್ನು ಕೇಳಿರುತ್ತಾರೆ, ಹಳೆಯದೂ ಹೋದರೆ ಯಾವುದನ್ನು ಹಾಕಬೇಕೆಂದು ತಿಳಿಯದೆ ಮೂರನೆಯದನ್ನು ಕೇಳುತ್ತಾರೆ.

ಪ್ರಶ್ನೆ: ಆಪ್ ಒಳಗೇ ವೇಗ ಮಿತಿ ಬರೆಯಲು ಪ್ರತಿ ಸೆಂಡ್ ನಂತರ ಒಂದು ಮಿಲಿಸೆಕೆಂಡ್ ಸ್ಲೀಪ್ (ಬಿಡುವು) ಹಾಕಿದ್ದೇವೆ. ಸೆಕೆಂಡಿಗೆ 1,000 ಬೇಕು, 600ರ ಆಸುಪಾಸು ಬರುತ್ತಿದೆ. — ಓದುಗರು, ಧಾರವಾಡ

ಒಂದು ಮಿಲಿಸೆಕೆಂಡ್ ಸ್ಲೀಪ್ ಎಂದರೆ ಕನಿಷ್ಠ ಒಂದು ಮಿಲಿಸೆಕೆಂಡ್. ಅದರ ಮೇಲೆ ಸೆಂಡ್‌ಗೆ ಹಿಡಿದ ಸಮಯ, ಆಪರೇಟಿಂಗ್ ಸಿಸ್ಟಂ ಎಬ್ಬಿಸಲು ತಡಮಾಡಿದ ಸಮಯ ಸೇರುತ್ತದೆ. ವಿಂಡೋಸ್‌ನಲ್ಲಿ ಟೈಮರಿನ ಸಾಮಾನ್ಯ ಹೆಜ್ಜೆಯೇ ಸುಮಾರು 15.6 ಮಿಲಿಸೆಕೆಂಡ್, ಅಲ್ಲಿ ಪರಿಸ್ಥಿತಿ ಇನ್ನೂ ಕೆಟ್ಟದಿರಬಹುದು.

ಟೋಕನ್ ಬಕೆಟ್ ಬಳಸಿ, ಅಂದರೆ ಪ್ರತಿ ಮೆಸೇಜಿಗೂ ಬಕೆಟ್ಟಿನಿಂದ ಒಂದು ಟೋಕನ್ ಖರ್ಚು ಮಾಡಿ. ಎರಡೇ ಸಂಖ್ಯೆ: ತುಂಬುವ ವೇಗ (ಸೆಕೆಂಡಿಗೆ 1,000), ಗರಿಷ್ಠ ಸಂಗ್ರಹ (100 ಎನ್ನಿ). ಹಿನ್ನೆಲೆಯಲ್ಲಿ ಟೈಮರ್ ಓಡಿಸಿ ಟೋಕನ್ ತುಂಬಬೇಡಿ. ಪ್ರತಿ ಸಲ ಕೇಳಿದಾಗ, ಹಿಂದಿನ ಸಲದಿಂದ ಕಳೆದ ಸಮಯವನ್ನು ವೇಗದಿಂದ ಗುಣಿಸಿ ಟೋಕನ್ ಸೇರಿಸಿ, ಸಂಗ್ರಹ 100 ದಾಟಿದರೆ 100ಕ್ಕೇ ನಿಲ್ಲಿಸಿ. ಒಂದು ಟೋಕನ್‌ಗೂ ಕಡಿಮೆ ಇದ್ದರೆ, ಎಷ್ಟು ಕೊರತೆಯೋ ಅಷ್ಟು ಹೊತ್ತು ಮಾತ್ರ ಕಾಯಿರಿ. ಎಬ್ಬಿಸುವುದು ತಡವಾದರೂ ಆ ಸಮಯ ಮುಂದಿನ ಲೆಕ್ಕದಲ್ಲಿ ಟೋಕನ್ ಆಗಿ ಬರುತ್ತದೆ, ಹಾಗಾಗಿ ಸರಾಸರಿ 1,000ಕ್ಕೇ ಕೂರುತ್ತದೆ. ಟೋಕನ್‌ಗಳನ್ನು ಪೂರ್ಣಾಂಕದಲ್ಲಿ ಇಡಬೇಡಿ. ಅರ್ಧ ಮಿಲಿಸೆಕೆಂಡಿಗೊಮ್ಮೆ ಕೇಳಿದರೆ ಪ್ರತಿ ಸಲವೂ 0.5 ಸೊನ್ನೆಯಾಗಿ ಕತ್ತರಿಸಿಹೋಗಿ ಒಂದು ಟೋಕನ್ನೂ ಸೇರದು. ಸಮಯಕ್ಕೆ ಮೊನೊಟೊನಿಕ್ (ಎಂದೂ ಹಿಂದಕ್ಕೆ ಹೋಗದ) ಗಡಿಯಾರ ಬಳಸಿ, ಗೋಡೆ ಗಡಿಯಾರದ ಸಮಯವನ್ನು ಎನ್‌ಟಿಪಿ (ಸಮಯ ಹೊಂದಿಸುವ ಸೇವೆ) ಹಿಂದಕ್ಕೆ ತಿರುಗಿಸಿದರೆ ಕಳೆದ ಸಮಯ ಋಣಸಂಖ್ಯೆ ಆಗುತ್ತದೆ.

ಗರಿಷ್ಠ ಸಂಗ್ರಹಕ್ಕೆ ಗಡಿ ಇಡುವುದು ಮುಖ್ಯ. ಜಾವಾದ ಗಾರ್ಬೇಜ್ ಕಲೆಕ್ಷನ್‌ಗೆಂದು (ಬೇಡದ ಮೆಮೊರಿ ತೆರವಿಗೆಂದು) ಪ್ರಕ್ರಿಯೆ 3 ಸೆಕೆಂಡ್ ನಿಂತರೆ ಗಡಿ ಇಲ್ಲದ ಬಕೆಟ್ 3,000 ಟೋಕನ್ ಕೂಡಿಸಿಕೊಂಡು ಒಮ್ಮೆಲೇ ಸುರಿಯುತ್ತದೆ.

ಪಾಡ್‌ಗಳು ಹಲವಿದ್ದರೆ ಮಿತಿ ಗುಣಿಸಿಕೊಳ್ಳುತ್ತದೆ ಎನ್ನುವುದೂ ನೆನಪಿರಲಿ. ಪಾಡಿಗೆ 200ರಂತೆ 5 ಪಾಡ್ ಎಂದರೆ 1,000. ಆಟೊಸ್ಕೇಲಿಂಗ್ ಅದನ್ನು 12 ಮಾಡಿದರೆ 2,400, ಅದೂ ಭಾರ ಹೆಚ್ಚಿದ ಹೊತ್ತಿನಲ್ಲೇ. ಒಟ್ಟು ಮಿತಿ ಕಟ್ಟುನಿಟ್ಟಾಗಿ ಬೇಕಿದ್ದರೆ ಬಕೆಟ್ಟನ್ನು ರೆಡಿಸ್‌ ಎಂಬ ಮೆಮೊರಿ ಡೇಟಾಬೇಸಿನಲ್ಲಿಟ್ಟು, ಓದಿ ಬರೆಯುವುದನ್ನು ಒಂದೇ ಲುವಾ ಸ್ಕ್ರಿಪ್ಟಿನಲ್ಲಿ ಮಾಡಿ. ಒಂದೊಂದು ಮೆಸೇಜಿಗೂ ರೆಡಿಸ್‌ಗೆ ಹೋಗದೆ 20–50 ಟೋಕನ್‌ಗಳ ಕಟ್ಟು ತಂದಿಟ್ಟುಕೊಂಡರೆ ಅದರ ಭಾರವೂ ತಗ್ಗುತ್ತದೆ. ರೆಡಿಸ್ ಸಿಗದಿದ್ದಾಗ ಏನು ಮಾಡಬೇಕೆಂದು ಮೊದಲೇ ಬರೆದಿಡಿ: ಪಾಡ್ ತನ್ನದೇ ಸಣ್ಣ ಮಿತಿಗೆ ಇಳಿಯುವುದು ಒಳ್ಳೆಯದು. ಮಿತಿಯೇ ಇಲ್ಲದೆ ಬಿಟ್ಟರೆ ಕ್ಯೂ ಮುಳುಗುತ್ತದೆ, ಪೂರ್ತಿ ನಿಲ್ಲಿಸಿದರೆ ಸೇವೆಯೇ ನಿಲ್ಲುತ್ತದೆ.

ಪ್ರಶ್ನೆ: ಹೊಲಗಳಲ್ಲಿ ಸೆನ್ಸರ್ ಗೇಟ್‌ವೇಗಳಿವೆ, ಒಟ್ಟು 400. ಎಂಕ್ಯೂಟಿಟಿ (ಸಣ್ಣ ಸಾಧನಗಳ ಮೆಸೇಜ್ ವಿಧಾನ) ಮೂಲಕ 10 ಸೆಕೆಂಡಿಗೊಂದು ರೀಡಿಂಗ್ ಕಳಿಸುತ್ತವೆ. ನೆಟ್‌ವರ್ಕ್ ಎರಡು ಗಂಟೆ ಹೋಗಿ ಬಂದರೆ ಎಲ್ಲವೂ ಒಟ್ಟಿಗೆ ಕೂಡಿಟ್ಟಿದ್ದನ್ನು ಕಳಿಸಿ ಬ್ರೋಕರ್ ಬೀಳುತ್ತದೆ. — ಓದುಗರು, ಕಲಬುರಗಿ

ಮಾಮೂಲಿ ಹೊತ್ತಿನಲ್ಲಿ ನಿಮ್ಮದು ಸೆಕೆಂಡಿಗೆ 40 ಮೆಸೇಜ್. ಎರಡು ಗಂಟೆಗೆ ಗೇಟ್‌ವೇಗೆ 720ರಂತೆ ಒಟ್ಟು 2,88,000 ಕೂಡಿರುತ್ತದೆ. ಒಂದೊಂದೂ ಸೆಕೆಂಡಿಗೆ 50 ತಳ್ಳಿದರೆ ಬ್ರೋಕರ್ ಮೇಲೆ 20,000 ಬೀಳುತ್ತದೆ, ಮಾಮೂಲಿಗಿಂತ 500 ಪಟ್ಟು. ಅದೇ ಹಳೆಯ ಬಾಕಿಗೆ ಸೆಕೆಂಡಿಗೆ 2 ಎಂದು ಮಿತಿ ಹಾಕಿದರೆ ಒಟ್ಟು 800, ಆರೇ ನಿಮಿಷದಲ್ಲಿ ಎಲ್ಲವೂ ಮುಗಿಯುತ್ತದೆ. ಆರು ನಿಮಿಷ ಕಾಯಲಾಗದ ಮಣ್ಣಿನ ತೇವದ ರೀಡಿಂಗ್ ಇರಲಾರದು.

ಮರುಸಂಪರ್ಕಕ್ಕೆ 0ರಿಂದ 120 ಸೆಕೆಂಡಿನೊಳಗೆ ಯಾದೃಚ್ಛಿಕ ವಿಳಂಬ ಇಡಿ, ಸೋತರೆ ಅವಧಿಯನ್ನು ಇಮ್ಮಡಿಸುತ್ತ ಹೋಗಿ, ಪ್ರತಿ ಸಲವೂ ಯಾದೃಚ್ಛಿಕ ಭಾಗ ಇರಲಿ. ಬರೀ ಇಮ್ಮಡಿಸಿದರೆ ನಾನೂರೂ ಒಂದೇ ಲಯದಲ್ಲಿ ಮತ್ತೆ ಒಟ್ಟಿಗೇ ಬರುತ್ತವೆ. ಹೊಸ ರೀಡಿಂಗ್ ಮೊದಲು ಹೋಗಲಿ, ಹಳೆಯದು ಬೇರೆ ಟಾಪಿಕ್‌ನಲ್ಲಿ ತನ್ನ ಸಮಯದ ಮುದ್ರೆಯೊಂದಿಗೆ ನಿಧಾನವಾಗಿ ಬರಲಿ.

ಎಂಕ್ಯೂಟಿಟಿ 5ನೇ ಆವೃತ್ತಿ ಇದ್ದರೆ ರಿಸೀವ್ ಮ್ಯಾಕ್ಸಿಮಮ್ ಬಳಸಿಕೊಳ್ಳಿ. ಉತ್ತರ ಬಾರದೆ ಎಷ್ಟು ಮೆಸೇಜ್ ಬಾಕಿ ಇರಬಹುದು ಎಂದು ಬ್ರೋಕರ್ ಕನೆಕ್ಷನ್ ಒಪ್ಪುವಾಗಲೇ ಹೇಳುತ್ತದೆ. ಹೇಳದಿದ್ದರೆ 65,535 ಎಂದರ್ಥ, ಅಂದರೆ ಮಿತಿಯೇ ಇಲ್ಲದಂತೆ. 10 ಅಥವಾ 20 ಇಡಿ. ಇದನ್ನು ಮೀರಿ ಕಳಿಸಿದ ಕ್ಲೈಂಟನ್ನು ಬ್ರೋಕರ್ ಕಡಿದುಹಾಕುತ್ತದೆ, ಆದ್ದರಿಂದ ಗೇಟ್‌ವೇಯ ಲೈಬ್ರರಿ ಇದನ್ನು ಪಾಲಿಸುತ್ತದೆಯೇ ಎಂದು ಮೇಜಿನ ಮೇಲೆ ಒಂದನ್ನಿಟ್ಟು ಪರೀಕ್ಷಿಸಿಯೇ ಹೊಲಕ್ಕೆ ಕಳಿಸಿ. ಕ್ಯೂಒಎಸ್ (ತಲುಪಿಸುವ ಖಾತರಿಯ ಮಟ್ಟ) 0ಗೆ ಉತ್ತರವೇ ಇಲ್ಲ, ಹಾಗಾಗಿ ಈ ಮಿತಿ ಅದಕ್ಕೆ ತಗಲುವುದಿಲ್ಲ. ಕೂಡಿಟ್ಟ ಬಾಕಿಯನ್ನು ಕ್ಯೂಒಎಸ್ 1ರಲ್ಲೇ ಕಳಿಸಿ.

ಪ್ರಶ್ನೆ: ಕೊನೆಗೆ, ಮಿತಿಯ ಸಂಖ್ಯೆ ಎಷ್ಟೆಂದು ಹೇಗೆ ಗೊತ್ತುಮಾಡುವುದು? — ಓದುಗರು, ತುಮಕೂರು

ಕನ್ಸ್ಯೂಮರ್‌ನಿಂದ ಹಿಂದಕ್ಕೆ ಎಣಿಸಿ. ಕ್ಯೂನಲ್ಲಿ ಕೆಲವು ಲಕ್ಷ ಮೆಸೇಜ್ ತುಂಬಿಟ್ಟು, ಪ್ರೊಡ್ಯೂಸರ್ ನಿಲ್ಲಿಸಿ, ಕನ್ಸ್ಯೂಮರ್‌ಗಳನ್ನು ಬಿಟ್ಟು ಹತ್ತು ನಿಮಿಷ ಅಳೆಯಿರಿ. ಮೊದಲ ಒಂದೆರಡು ನಿಮಿಷದ ಅಂಕಿಯನ್ನು ಬಿಡಿ, ಕ್ಯಾಶ್ ಬೆಚ್ಚಗಾಗುವ ಹೊತ್ತು ಅದು. ಅಳೆಯುವಾಗ ಕನ್ಸ್ಯೂಮರ್ ಬರೆಯುವ ಡೇಟಾಬೇಸ್ ನಿಜವಾದ ಗಾತ್ರದಲ್ಲಿರಬೇಕು, ಖಾಲಿ ಟೇಬಲ್ಲಿಗೆ ಬರೆದು ಸಿಕ್ಕ ವೇಗ ನಂಬಲರ್ಹವಲ್ಲ. ಒಂದು ಕನ್ಸ್ಯೂಮರ್ ಬಿದ್ದರೂ ನಡೆಯಬೇಕು ಎಂದು ಅದರ ಪಾಲು ಕಳೆಯಿರಿ. ಉಳಿದದ್ದರ 75 ಶೇಕಡಾ ಸುತ್ತಮುತ್ತ ಪ್ರೊಡ್ಯೂಸರ್‌ಗಳ ಒಟ್ಟು ಮಿತಿ ಇರಲಿ. 4 ಕನ್ಸ್ಯೂಮರ್ ಸೇರಿ 4,000 ಮುಗಿಸಿದರೆ, ಒಂದು ಕಳೆದು 3,000, ಮಿತಿ 2,250. ಉಳಿಯುವ 750 ಬಾಕಿ ಕರಗಿಸಲು ಬೇಕೇ ಬೇಕು, ಅದನ್ನು ಇನ್ನೊಂದು ತಂಡಕ್ಕೆ ಹಂಚಿಬಿಡಬೇಡಿ. ಕನ್ಸ್ಯೂಮರ್ ಕೋಡು ಅಥವಾ ಡೇಟಾಬೇಸ್ ಇಂಡೆಕ್ಸ್ ಬದಲಾದಾಗಲೆಲ್ಲ ಮತ್ತೆ ಅಳೆಯಿರಿ.